ಬೆಂಗಳೂರು ಕೆಡಿಸಿತೋ, ಕುಲಗೋಡ ಮರೆಯಿತೋ?

ಕುಲಗೋಡದ ಚಹಾದಂಗಡಿಗಳಲ್ಲಿ ಜಾತ್ರೆ, ದೀಪಾವಳಿ ಬಂತೆಂದರೆ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ. ಕಬ್ಬಿನ ಬಿಲ್ಲಿನ ಮಾತು ಮುಗಿದು, ಕರೆಂಟಿನವರನ್ನು ಬೈದೂ ಮುಗಿದ ಮೇಲೆ, ಬೆಂಗಳೂರಿನಿಂದ ರಜೆಗೆ ಬಂದ ಹುಡುಗನ ಕಡೆ ಎಲ್ಲರ ಮುಖ ತಿರುಗುತ್ತದೆ.

"ಹೆಂಗೈತೋ ತಮ್ಮಾ, ನಿಮ್ಮ ಬೆಂಗಳೂರು?"

"ಕೇಳಬ್ಯಾಡ್ರಿ ಕಾಕಾ. ಕೆಟ್ಟು ಕೆರಾ ಹಿಡದೈತಿ."

ಅಲ್ಲಿಂದ ಪಟ್ಟಿ ಶುರುವಾಗುತ್ತದೆ. ಹುಡುಗಿಯರು ಸಿಗರೇಟು ಸೇದುತ್ತಾರೆ. ಮದುವೆ ಆಗದ ಜೋಡಿ ಒಂದೇ ಮನೆಯಲ್ಲಿ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ರಸ್ತೆಯಲ್ಲಿ ನಡೆಯುತ್ತಾರೆ. ಯಾರೂ ಯಾರಿಗೂ ಹೇಳುವಂಗಿಲ್ಲ, ಕೇಳುವಂಗಿಲ್ಲ. ಕಾಕಾ ಬೀಡಿ ಆರಿಸಿ "ಕಲಿಗಾಲ" ಅನ್ನುತ್ತಾನೆ. ಸುತ್ತ ನಿಂತವರು ಹೌದೌದು ಅನ್ನುತ್ತಾರೆ. ಸಭೆ ಬರಖಾಸ್ತು.

ಆದರೆ ಆ ಸಭೆಯ ಠರಾವು ಅಲ್ಲಿಗೇ ನಿಲ್ಲುವುದಿಲ್ಲ. ಅದು ಮನೆಮನೆಗೆ ಹೋಗುತ್ತದೆ. ಯಾವುದೋ ಮನೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ಓದುತ್ತಿರುವ ಒಬ್ಬ ಹುಡುಗಿಯ ತಲೆಯ ಮೇಲೆ ಹೋಗಿ ಬೀಳುತ್ತದೆ. ಆ ಮಾತಿಗೆ ಆಮೇಲೆ ಬರೋಣ. ಮೊದಲು ಆ ಹುಡುಗನ ಕಥೆ ನೋಡಬೇಕು. ಅವನಿಗೆ ಆದ ಧಕ್ಕೆ ಸುಳ್ಳಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ಪರ ಊರಿಗೆ ದುಡಿಯಲು ಹೋಗುವುದು ಹೊಸದೇನಲ್ಲ. 1956ರ ನವೆಂಬರ್ 1ರ ತನಕ ಈ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಆಗ 'ಶಹರ' ಅಂದರೆ ಪುಣೆ, ಕೊಲ್ಹಾಪುರ, ಮುಂಬೈ. ಬೆಂಗಳೂರು ಅಂದರೆ ಮೈಸೂರು ಮಹಾರಾಜರ ಸೀಮೆ, ಅನ್ನ ಉಣ್ಣುವ ಮಂದಿಯ ಊರು. ಸೂರ್ಯ ನೋಡಿ ಏಳುತ್ತಿದ್ದ ಒಕ್ಕಲಿಗನನ್ನು ಭೋಂಗಾ ಕೇಳಿ ಏಳುವಂತೆ ಮಾಡಿದ ಗೋಕಾಕ ಫಾಲ್ಸಿನ ಗಿರಣಿಯೇ ಈ ಭಾಗಕ್ಕೆ ಮೊದಲ ಶಹರ. ಆಗಲೂ ಹಿರಿಯರು "ಗಿರಣಿಗೆ ಹೋದ ಮಗ ಕೆಟ್ಟ" ಅಂದೇ ಅಂದಿರುತ್ತಾರೆ ಬಿಡಿ.

ಈಗಿನ ದಾರಿ ಬೇರೆ. ಡಿಗ್ರಿಯೋ ಡಿಪ್ಲೊಮಾವೋ ಮುಗಿಸಿದ ಹುಡುಗ ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಮುಂಜಾನೆ ಬೆಂಗಳೂರು. ಹತ್ತಿದ ರೈಲಿಗೆ 1824ರಲ್ಲಿ ಇಂಗ್ಲಿಷರ ಮೇಲೆ ಕತ್ತಿ ಹಿರಿದ ಕಿತ್ತೂರಿನ ಹೆಣ್ಣುಮಗಳ ಹೆಸರು. ಇಳಿಯುವ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು. ಎರಡೂ ಬೆಳಗಾವಿ ಜಿಲ್ಲೆಯ ಹೆಸರುಗಳೇ. ಆದರೆ ಮೆಟ್ಟಿಲು ಇಳಿದು ಹೊರಗೆ ಬಂದ ಕೂಡಲೇ ಹುಡುಗನಿಗೆ ಪರದೇಶ.

ಮೊದಲ ಪೆಟ್ಟು ಬೀಳುವುದು ಹುಡುಗಿಯರ ಬಟ್ಟೆ ನೋಡಿ ಅಂತ ಎಲ್ಲರೂ ತಿಳಿಯುತ್ತಾರೆ. ತಪ್ಪು. ಬಟ್ಟೆಯನ್ನು ಅವನು ಮೊಬೈಲಿನಲ್ಲಿ, ಸಿನೆಮಾದಲ್ಲಿ ಎಷ್ಟೋ ಸಲ ನೋಡಿರುತ್ತಾನೆ. ನಿಜವಾದ ಪೆಟ್ಟು ಏನೆಂದರೆ, ಅಲ್ಲಿ ಯಾರೂ "ಯಾರ ಪೈಕಿ?" ಅಂತ ಕೇಳುವುದಿಲ್ಲ. ಊರಲ್ಲಿ ಅವನು ಇಂಥವರ ಮಗ, ಇಂಥವರ ಮೊಮ್ಮಗ, ಇಂಥ ಓಣಿಯವನು. ಚಹಾದಂಗಡಿಗೆ ಬಂದರೆ ಕುಳಿತವರು ಸರಿದು ಜಾಗ ಕೊಡುತ್ತಾರೆ, ಇಲ್ಲವೆ ಕೊಡುವುದಿಲ್ಲ. ಎರಡಕ್ಕೂ ಕಾರಣ ಅವನ ಮನೆತನ. ಬೆಂಗಳೂರಿನ ಪಿ.ಜಿ.ಯಲ್ಲಿ ಮೂರು ತಿಂಗಳಿದ್ದರೂ ಪಕ್ಕದ ಮಂಚದವನಿಗೆ ಅವನ ಪೂರ್ತಿ ಹೆಸರು ಗೊತ್ತಿರುವುದಿಲ್ಲ. ಜ್ವರ ಬಂದು ಮಲಗಿದರೆ ಗಂಜಿ ಕಾಸಿ ಕೊಡುವ ದೊಡ್ಡವ್ವ ಇಲ್ಲ. ಮನೆತನ ದೊಡ್ಡದಿದ್ದ ಹುಡುಗನಿಗೆ ಇದು ಆಸ್ತಿ ಕಳೆದಷ್ಟು ಸಂಕಟ. ಆದರೆ ಅದೇ ಊರಿನ, ಅದೇ ರೈಲಿನಲ್ಲಿ ಬಂದ, ಕೇರಿಯ ಹುಡುಗನನ್ನು ಕೇಳಿ ನೋಡಿ. ಯಾರ ಪೈಕಿ ಅಂತ ಕೇಳದ ಊರಿನಲ್ಲಿ ಅವನು ಮೊದಲ ಸಲ ಎದೆ ತುಂಬ ಉಸಿರು ಎಳೆದುಕೊಂಡಿರುತ್ತಾನೆ. ಚಹಾದಂಗಡಿಯ ಸಭೆಯಲ್ಲಿ "ಬೆಂಗಳೂರು ಹೆಂಗೈತಿ" ಅಂತ ಅವನನ್ನು ಕೇಳಿದವರು ಕಡಿಮೆ.

ಎರಡನೇ ಪೆಟ್ಟು ಆಫೀಸಿನಲ್ಲಿ. ಮೇಲಿನ ಹುದ್ದೆಯಲ್ಲಿ ಇವನಿಗಿಂತ ಎರಡು ವರ್ಷ ಚಿಕ್ಕ ಹೆಣ್ಣುಮಗಳು ಇರುತ್ತಾಳೆ. ಊರಲ್ಲಿ ಶಾಲೆಯ ಅಕ್ಕೋರ ಮುಂದೆ ಕೈಕಟ್ಟಿ ನಿಂತ ಅಭ್ಯಾಸ ಇದೆ, ಆದರೆ ಅಕ್ಕೋರು ಹಿರಿಯರು. ಇವಳು ಕಿರಿಯಳು. ಇವನು "ಮೇಡಂ" ಅಂದರೆ ಹೆಸರು ಹಿಡಿದು ಕರೆ ಅನ್ನುತ್ತಾಳೆ. ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಕೆಲಸ ತಪ್ಪಿದರೆ ಎಲ್ಲರೆದುರು ಹೇಳುತ್ತಾಳೆ. ಆ ರಾತ್ರಿ ಹುಡುಗ ಊರಿಗೆ ಫೋನ್ ಮಾಡಿ, ಇಲ್ಲಿಯ ಹೆಂಗಸರಿಗೆ ಮಾನ ಮರ್ಯಾದಿ ಇಲ್ಲ ಅಂತ ಹೇಳುತ್ತಾನೆ. ತನ್ನ ಕೆಲಸ ತಪ್ಪಿತ್ತು ಅನ್ನುವುದನ್ನು ಹೇಳುವುದಿಲ್ಲ.

ಸಿಗರೇಟಿನ ಮಾತಿಗೆ ಬಂದರೆ, ಊರಲ್ಲಿ ಅಜ್ಜಿ ಎಲೆ ಅಡಿಕೆ ಜೊತೆ ತಂಬಾಕು ಹಾಕಿಕೊಂಡು ಕಟ್ಟೆಯ ಮೇಲೆ ಕೂತರೆ ಯಾರೂ ಕಲಿಗಾಲ ಅನ್ನುವುದಿಲ್ಲ. ಎರಡೂ ತಂಬಾಕೇ, ಎರಡೂ ಆರೋಗ್ಯಕ್ಕೆ ಕೆಟ್ಟವೇ. ಹೊಗೆ ಕಾಣುತ್ತದೆ, ಉಗುಳು ಕಾಣುವುದಿಲ್ಲ ಅನ್ನೋಣವೆಂದರೆ ಗೋಡೆಗಳೇ ಸಾಕ್ಷಿ ಹೇಳುತ್ತವೆ. ಕುಡಿತದ್ದೂ ಅದೇ ಹಾಡು. ಸರಕಾರ ಸರಾಯಿಯನ್ನು 2007ರ ಜುಲೈಯಲ್ಲಿ ನಿಲ್ಲಿಸಿತು. ನಿಂತದ್ದು ಸರಾಯಿ, ಕುಡಿಯುವುದಲ್ಲ. ಹಳ್ಳಿಗಳ ಕಿರಾಣಿ ಅಂಗಡಿಯಲ್ಲೂ ಚೀಟು ಸಿಗುತ್ತದೆ ಅಂತ ಹೆಂಗಸರು ಪೊರಕೆ ಹಿಡಿದು ತಾಲ್ಲೂಕು ಕಚೇರಿ ಮುಂದೆ ಕೂತ ಸುದ್ದಿಗಳು ಈ ರಾಜ್ಯದಲ್ಲಿ ಒಂದೆರಡಲ್ಲ. ಹಂಗಿದ್ದೂ 'ಪಬ್ಬು' ಅನ್ನುವ ಎರಡಕ್ಷರ ಕೇಳಿದರೆ ಮೈಮೇಲೆ ಹಾವು ಬಿದ್ದಂತೆ ಆಡುವುದೇಕೆ? ಅಲ್ಲಿ ಹೆಂಗಸರೂ ಕೂತಿರುತ್ತಾರೆ ಅನ್ನುವುದೇ ಕಾರಣ.

ಮದುವೆ ಆಗದೆ ಕೂಡಿ ಇರುವವರನ್ನು ಕಾನೂನು ಅಪರಾಧಿಗಳೆಂದು ನೋಡುವುದಿಲ್ಲ. ವಯಸ್ಸಿಗೆ ಬಂದ ಇಬ್ಬರು ಹಾಗೆ ಇರುವುದು ಗುನ್ಹೆ ಅಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಗಂಡು ಗಂಡು, ಹೆಣ್ಣು ಹೆಣ್ಣು ಪ್ರೀತಿಸುವುದೂ ಅಪರಾಧವಲ್ಲ ಅಂತ 2018ರ ಸೆಪ್ಟೆಂಬರಿನಲ್ಲಿ ಹೇಳಿದೆ. ಕಾನೂನು ಹೇಳಿದ ಮಾತ್ರಕ್ಕೆ ಮನಸ್ಸು ಒಪ್ಪಬೇಕಂತಿಲ್ಲ. ಹುಡುಗ ಒಪ್ಪದಿದ್ದರೆ ಅದು ಅವನ ಇಷ್ಟ. ತಾನು ಹಾಗೆ ಇರುವುದಿಲ್ಲ ಅನ್ನಬಹುದು. ಪಕ್ಕದ ಮನೆಯ ಬಾಗಿಲು ತನ್ನ ಬಾಗಿಲಲ್ಲ ಅನ್ನುವುದಷ್ಟನ್ನು ಅವನು ಕಲಿಯಬೇಕಾಗುತ್ತದೆ. ಹೆಚ್ಚಿನವರು ಒಂದೆರಡು ವರ್ಷಕ್ಕೆ ಕಲಿಯುತ್ತಾರೆ ಕೂಡ. ಕಲಿತದ್ದನ್ನು ಊರಿನ ಚಹಾದಂಗಡಿಯಲ್ಲಿ ಹೇಳುವುದಿಲ್ಲ, ಅಷ್ಟೇ.

ಹಾಗಂತ ಬೆಂಗಳೂರನ್ನು ಸ್ವರ್ಗ ಅಂತ ತೋರಿಸುವುದೂ ಬೇಡ. ಈ ಕಡೆಯ ಹುಡುಗ "ಬರಾಕತ್ತೇನ್ರಿ" ಅಂದರೆ ಅಲ್ಲಿ ಮುಸಿಮುಸಿ ನಗುವವರು ಓದಿದವರೇ. ಉತ್ತರ ಕರ್ನಾಟಕದ ಮಾತನ್ನು ಎಷ್ಟೋ ವರ್ಷ ಸಿನೆಮಾದವರು ನಗಿಸುವ ಪಾತ್ರಕ್ಕೇ ಕೊಟ್ಟು ಕೂರಿಸಿದರು. ಕನ್ನಡ ಸಾಹಿತ್ಯದ ದೊಡ್ಡ ಹೆಸರು ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು, 1937ರಲ್ಲಿ ಹುಟ್ಟಿದವರು. ಗೋಕಾಕದಲ್ಲಿ ಓದಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಬೆಂಗಳೂರಿನಲ್ಲಿ ನೆಲೆ ನಿಂತರು. ಅಷ್ಟು ದೂರ ಹೋದರೂ ಶಿವಾಪುರ ಅನ್ನುವ ಊರನ್ನು ಕಾಗದದ ಮೇಲೆ ಕಟ್ಟಿಕೊಂಡು, ಈ ಭಾಗದ ಮಾತಿನಲ್ಲೇ ಹಾಡಿ, ಬರೆದು 2010ರ ಸಾಲಿನ ಜ್ಞಾನಪೀಠ ತಂದರು. ಶಹರಕ್ಕೆ ಹೋದವನು ಭಾಷೆ ಬಿಡಬೇಕಿಲ್ಲ, ಊರನ್ನು ಬಿಡಬೇಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಎಲ್ಲಿ ಸಿಗಬೇಕು?

ಬಾಡಿಗೆ ಮನೆ ಹುಡುಕುವಾಗ ಇನ್ನೊಂದು ತಮಾಷೆ. ಯಾರ ಪೈಕಿ ಅಂತ ಕೇಳದ ಊರಿನಲ್ಲಿ ಮನೆ ಮಾಲೀಕ ಮಾತ್ರ "ವೆಜ್ಜಾ, ನಾನ್‌ವೆಜ್ಜಾ?" ಅಂತ ಕೇಳುತ್ತಾನೆ. ಅದು ಜಾತಿ ಕೇಳುವ ಶಹರದ ರೀತಿ. ಹೆಸರು ಮುಸಲ್ಮಾನರದಾಗಿದ್ದರೆ ಮನೆ ಖಾಲಿ ಇಲ್ಲ. ಇನ್ನು ಹೆಣ್ಣುಮಕ್ಕಳ ಸುರಕ್ಷಿತತೆ? 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೊಸ ವರ್ಷ ಆಚರಿಸಲು ಬಂದ ಹೆಂಗಸರ ಮೈಮೇಲೆ ಗುಂಪು ಬಿದ್ದದ್ದು ದೇಶವೇ ನೋಡಿತು. ಆಗಿನ ಗೃಹ ಸಚಿವರು ಪಾಶ್ಚಾತ್ಯ ಉಡುಪಿನ ಮಾತೆತ್ತಿ ಬೈಸಿಕೊಂಡರು. ಕುಲಗೋಡದ ಕಾಕಾನ ಮಾತು ವಿಧಾನಸೌಧದಲ್ಲೂ ಕೇಳಿಬರುತ್ತದೆ ಅಂತಾಯಿತು. ಬೆಂಗಳೂರಿನ ಉದಾರತನ ಎಂ.ಜಿ. ರಸ್ತೆಯಲ್ಲಿ ಒಂದು ತರಹ, ಪೀಣ್ಯದಲ್ಲಿ ಇನ್ನೊಂದು ತರಹ.

ಇರಲಿ. ಈಗ ಕುಲಗೋಡಕ್ಕೆ ವಾಪಸು ಬರೋಣ. ಈ ಊರಿನ ಹೆಸರು ಕರ್ನಾಟಕಕ್ಕೆ ಗೊತ್ತಾದದ್ದು ಯಾವುದರಿಂದ? ಕಬ್ಬಿನಿಂದ ಅಲ್ಲ, ರಾಜಕಾರಣದಿಂದ ಅಲ್ಲ. ಒಂದು ಆಟದಿಂದ.

ಅಪರಾಳ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ'ವನ್ನು ತಿದ್ದಿ, ಹಾಡು ಮಾತು ಸೇರಿಸಿ, ರಂಗದ ಮೇಲೆ ಆಡುವಂತೆ ಮಾಡಿದವನು ಕುಲಗೋಡ ತಮ್ಮಣ್ಣ. 19ನೇ ಶತಮಾನದ ಮಾತು. ಆಮೇಲೆ ಹತ್ತಿರದ ಕೌಜಲಗಿಯ ನಿಂಗಮ್ಮ ಮೇಳ ಕಟ್ಟಿ ಊರೂರು ತಿರುಗಿ ಅದಕ್ಕೆ ದೊಡ್ಡ ಹೆಸರು ತಂದಳು. ಒಬ್ಬ ಹೆಣ್ಣುಮಗಳು, ಗಂಡಸರ ಮೇಳದ ಯಜಮಾನಿಕೆ ಮಾಡಿ, ರಾತ್ರಿಯೆಲ್ಲ ರಂಗದ ಮೇಲೆ ಹಾಡಿ, ಬೆಳಗಾದರೆ ಮುಂದಿನ ಊರಿಗೆ ಗಾಡಿ ಹೂಡಿಸಿಕೊಂಡು ಹೋದವಳು. ಈಗ ರಾತ್ರಿ ಪಾಳಿಯ ಹುಡುಗಿ ಕಂಪನಿ ಗಾಡಿಯಲ್ಲಿ ಮನೆಗೆ ಬಂದರೆ ಕಣ್ಣು ಕೆಂಪಗೆ ಮಾಡುವವರು ನಿಂಗಮ್ಮನನ್ನು ನೆನಪಿಸಿಕೊಳ್ಳಬೇಕು.

ಆಟದ ಒಳಗೇನಿದೆ ಅಂತ ಗೊತ್ತಿಲ್ಲದವರು ಈ ಸೀಮೆಯಲ್ಲಿ ಇಲ್ಲ. ಹಾಲು ಮೊಸರು ಮಾರಲು ಹೊರಟ ಗೊಲ್ಲತಿಯನ್ನು ಕೃಷ್ಣ ದಾರಿಗೆ ಅಡ್ಡ ನಿಂತು ಚೇಷ್ಟೆ ಮಾಡುತ್ತಾನೆ, ಅವಳು ಮಾತಿಗೆ ಮಾತು ಕೊಟ್ಟು ದೇವರ ಬಾಯಿ ಕಟ್ಟುತ್ತಾಳೆ. ನಾರದ ತಂದ ಹೂವು ರುಕ್ಮಿಣಿಗೆ ಹೋಯಿತಂತ ಸತ್ಯಭಾಮೆ ಗಂಡನ ಮೇಲೆ ಸಿಟ್ಟಾಗಿ, ಸಾಕ್ಷಾತ್ ಭಗವಂತನನ್ನು ಬಾಗಿಲಲ್ಲಿ ನಿಲ್ಲಿಸುತ್ತಾಳೆ. ಅವಳನ್ನು ಒಲಿಸಲು ಕೃಷ್ಣ ಕೊರವಂಜಿಯ ವೇಷ ಹಾಕುತ್ತಾನೆ. ಗಂಡು ಹೆಣ್ಣಾಗುತ್ತಾನೆ, ಹೆಣ್ಣು ಗಂಡಿಗೆ ಬುದ್ಧಿ ಹೇಳುತ್ತಾಳೆ. ಬೆಳತನಕ ಅಪ್ಪ, ಮಗ, ಸೊಸೆ, ಅತ್ತೆ ಒಟ್ಟಿಗೆ ಕೂತು ನೋಡಿ ನಕ್ಕಿದ್ದಾರೆ. ಬೈಲಹೊಂಗಲದ 'ಸಂಗ್ಯಾ ಬಾಳ್ಯಾ' ಬೇರೆ. ಪರರ ಹೆಂಡತಿಯ ಮೇಲೆ ಮನಸ್ಸಿಟ್ಟು ಕೊಲೆಯಾದ ಸಂಗ್ಯಾನ ಕಥೆಯನ್ನು ಇಡೀ ಜಿಲ್ಲೆ ಕಣ್ಣೀರು ಸುರಿಸಿ ನೋಡಿದೆ. ಗಂಗಿಯ ಹಾಡಿಗೆ ಆಯೇರಿ ಮಾಡಿದ ಕೈಗಳು ಈ ಊರುಗಳಲ್ಲೇ ಇದ್ದವು.

ಹಾಗಾದರೆ ಹಿಂದೆ ಹಳ್ಳಿ ಬಹಳ ಉದಾರ ಇತ್ತೇ? ಹಾಗೇನೂ ಇಲ್ಲ. ರಂಗದ ಮೇಲಿನ ಹೆಣ್ಣಿಗೆ ಶಿಳ್ಳೆ ಹಾಕಿದವರು ಅವಳನ್ನು ಮನೆಯೊಳಗೆ ಕರೆದು ಮಣೆ ಹಾಕಲಿಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ, ಉಳ್ಳವರು ಅವರನ್ನು ಇಟ್ಟುಕೊಂಡದ್ದು ಯಾವ ಬೆಂಗಳೂರಿನಿಂದಲೂ ಬಂದದ್ದಲ್ಲ. ಮುಂಬೈ ಸರಕಾರ 1934ರಲ್ಲಿ ಕಾಯ್ದೆ ಮಾಡಿತು, ಸಾಲಲಿಲ್ಲ. ಕರ್ನಾಟಕ ಸರಕಾರ 1982ರಲ್ಲಿ ಮತ್ತೊಂದು ಮಾಡಬೇಕಾಯಿತು. ಮದುವೆ ಇಲ್ಲದ ಸಂಬಂಧ ಈ ಸೀಮೆಗೆ ಹೊಸತಾಗಿದ್ದರೆ ಎರಡೆರಡು ಕಾಯ್ದೆ ಯಾಕೆ ಬೇಕಾಗುತ್ತಿದ್ದವು? ಹಳೆಯ ಸಡಿಲು ಗಂಡಿಗಿತ್ತು, ಅದೂ ಉಳ್ಳ ಗಂಡಿಗೆ. ಬೆಂಗಳೂರಿನಲ್ಲಿ ಆ ಸಡಿಲು ಹೆಣ್ಣಿಗೂ ಒಂದಿಷ್ಟು ಸಿಕ್ಕಿದೆ. ಕಲಿಗಾಲ ಶುರುವಾದದ್ದು ಅಲ್ಲಿಂದ ಅಂತ ಪಂಚಾಂಗ ಬರೆದವರು ಗಂಡಸರೇ.

ಈಗ ಅಡುಗೆಮನೆಯ ಆ ಹುಡುಗಿಯ ಮಾತು.

ಅಣ್ಣ ಬೆಂಗಳೂರಿಗೆ ಹೋಗಿ ಎರಡು ವರ್ಷಕ್ಕೆ ಒಂದು ಗಾಡಿ ತೆಗೆದುಕೊಳ್ಳುತ್ತಾನೆ, ಇಂಗ್ಲಿಷ್ ಕಲಿಯುತ್ತಾನೆ, ವಾರಕ್ಕೊಮ್ಮೆ ಗೆಳೆಯರ ಜೊತೆ ಬೀರು ಕುಡಿಯುತ್ತಾನೆ. ತಂಗಿ ಪಿ.ಯು. ಮುಗಿಸಿ "ಬೆಂಗಳೂರಿಗೆ ಕಾಲೇಜಿಗೆ ಹೋಗ್ತೇನಿ ಅಪ್ಪಾ" ಅಂದಾಗ ಅಪ್ಪ ಮಗನನ್ನು ಕೇಳುತ್ತಾನೆ. ಮಗ ಏನು ಹೇಳುತ್ತಾನೆ? "ಬ್ಯಾಡಪಾ, ನಾ ನೋಡೇನಿ, ಅಲ್ಲಿ ವಾತಾವರಣ ಸರಿ ಇಲ್ಲ." ಆ ಒಂದು ಮಾತಿಗೆ ತಂಗಿಯ ಓದು ಗೋಕಾಕಕ್ಕೋ ಮೂಡಲಗಿಗೋ ನಿಲ್ಲುತ್ತದೆ, ಇಲ್ಲವೆ ಪಿ.ಯು.ಗೇ ನಿಂತು ಬೀಗರ ಮನೆಯವರು ನೋಡಲು ಬರುತ್ತಾರೆ. ಅಣ್ಣನಿಗೆ ಆದ ಧಕ್ಕೆಗೆ ದಂಡ ಕಟ್ಟುವವಳು ತಂಗಿ. ಅವನು ಮಾತ್ರ ಸೋಮವಾರ ಮುಂಜಾನೆ ಅದೇ 'ವಾತಾವರಣ'ಕ್ಕೆ ಹಾಜರ್.

ಹೋಗಿ ಬಂದ ಹುಡುಗಿಯರ ಪಾಡೂ ಅಷ್ಟೇ. ಮಗ ಬೆಂಗಳೂರಿನಲ್ಲಿ ಇದ್ದಾನೆ ಅಂದರೆ ವರದಕ್ಷಿಣೆ ಏರುತ್ತದೆ. ಮಗಳು ಬೆಂಗಳೂರಿನಲ್ಲಿ ಇದ್ದಳು ಅಂದರೆ ಬೀಗರು ಒಬ್ಬರ ಮುಖ ಒಬ್ಬರು ನೋಡಿ "ಎಷ್ಟ ವರ್ಷ ಇದ್ದಳ್ರಿ? ಯಾರ ಮನ್ಯಾಗ ಇದ್ದಳು?" ಅಂತ ಕೇಳುತ್ತಾರೆ. ಅವಳು ದುಡಿದು ಕಳಿಸಿದ ರೊಕ್ಕದಲ್ಲಿ ಬೋರು ಹೊಡೆಸಿದ ಅಪ್ಪ ಆ ಪ್ರಶ್ನೆಗೆ ತಲೆ ತಗ್ಗಿಸುತ್ತಾನೆ.

ಹಳ್ಳಿಯಲ್ಲಿ ಮಾನ ಸುರಕ್ಷಿತ ಅನ್ನುವವರಿಗೆ 2023ರ ಡಿಸೆಂಬರ್ ನೆನಪಿದೆಯೇ? ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿ. ಹುಡುಗ ಹುಡುಗಿ ಪ್ರೀತಿಸಿ ಊರು ಬಿಟ್ಟು ಹೋದರು. ಹುಡುಗಿಯ ಕಡೆಯವರು ರಾತ್ರಿ ಹುಡುಗನ ಮನೆಗೆ ನುಗ್ಗಿ, ಅವನ ತಾಯಿಯನ್ನು ಎಳೆದು ತಂದು, ಬಟ್ಟೆ ಬಿಚ್ಚಿ, ಕಂಬಕ್ಕೆ ಕಟ್ಟಿ ಹೊಡೆದರು. ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ನಡೆದಿದ್ದ ದಿನಗಳವು. ಹೈಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಹೊಡೆದವರನ್ನಷ್ಟೇ ಅಲ್ಲ, ನಿಂತು ನೋಡಿದ ಊರನ್ನೂ ಕೇಳಿತು. ಸಂಸ್ಕೃತಿ ಉಳಿಸುವ ಹೆಸರಿನಲ್ಲಿ ಒಬ್ಬ ತಾಯಿಯ ಬಟ್ಟೆ ತೆಗೆದ ಊರಿನವರು ಚರ್ಚ್ ಸ್ಟ್ರೀಟಿನ ಹುಡುಗಿಯ ಬಟ್ಟೆಯ ಅಳತೆ ತೆಗೆಯುವುದು ಹೇಗೆ?

ಒಂದು ಊರಿನ ಪಾಪವನ್ನು ಎಲ್ಲ ಊರಿಗೆ ಹಚ್ಚುವುದು ಸರಿಯಲ್ಲ ಅಂತ ಯಾರಾದರೂ ಹೇಳಬಹುದು. ಒಪ್ಪೋಣ. ಹಾಗಿದ್ದರೆ ಎಂ.ಜಿ. ರಸ್ತೆಯ ನಾಲ್ಕು ಜನರ ಹೊಗೆಯನ್ನೂ ಇಡೀ ಬೆಂಗಳೂರಿಗೆ ಹಚ್ಚಬಾರದು.

ಇನ್ನೊಂದು ಪ್ರಕರಣ ಇಷ್ಟು ಸುದ್ದಿಯಾಗಲಿಲ್ಲ. ಆಗಬೇಕಿತ್ತು. ಇದೇ ಜಿಲ್ಲೆಯ ಮುರಗೋಡ ಠಾಣೆಯದು. ವಯಸ್ಸಿಗೆ ಬಂದ, ಓದಿದ, ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳು ತಾನು ಮೆಚ್ಚಿದವನನ್ನು ಹೊರರಾಜ್ಯಕ್ಕೆ ಹೋಗಿ ಮದುವೆಯಾದಳು. ಮನೆಯವರು ಕಾಣೆಯಾಗಿದ್ದಾಳೆ ಅಂತ ದೂರು ಕೊಟ್ಟರು. ಮದುವೆಯ ಕಾಗದ ತಲುಪಿದ ಮೇಲೂ ತನಿಖಾಧಿಕಾರಿ, ಠಾಣೆಗೇ ಬಂದು ಹೇಳಿಕೆ ಕೊಡು, ಇಲ್ಲದಿದ್ದರೆ ಗಂಡನ ಮೇಲೆ ಅಪಹರಣದ ಕೇಸು ಅಂತ ಕೂತ. ಅವಳು ಸುಪ್ರೀಂ ಕೋರ್ಟಿಗೆ ಹೋದಳು. 2021ರ ಫೆಬ್ರುವರಿ 8ರಂದು ಕೋರ್ಟು ಆ ಎಫ್.ಐ.ಆರ್. ರದ್ದು ಮಾಡಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆತನದ, ಜಾತಿಯ ಅಪ್ಪಣೆ ಬೇಕಿಲ್ಲ ಅಂದಿತು. ಅಂತರ್ಜಾತಿ ಮದುವೆಯೇ ಜಾತಿಗೆ ಮದ್ದು ಅನ್ನುವ ಅಂಬೇಡ್ಕರರ 1936ರ ಮಾತನ್ನು ನೆನಪಿಸಿತು. ಇಂಥ ಸೂಕ್ಷ್ಮ ಪ್ರಕರಣಗಳನ್ನು ಹೇಗೆ ನಡೆಸಬೇಕು ಅಂತ ಪೊಲೀಸರಿಗೆ ತರಬೇತಿ ಕೊಡಿ ಅಂತಲೂ ಹೇಳಿತು. ದೇಶಕ್ಕೆಲ್ಲ ಪಾಠ ಹೇಳುವ ತೀರ್ಪು ಮುರಗೋಡದ ಒಂದು ಕಡತದಿಂದ ಹುಟ್ಟಿತು. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿದ ಶರಣರ ಹೆಸರು ದಿನಕ್ಕೆ ಹತ್ತು ಸಲ ಹೇಳುವ ಸೀಮೆಗೆ ಇದು ಹೊಸ ಪಾಠವಾಗಬೇಕಾಗಿರಲಿಲ್ಲ.

ಕುಲಗೋಡದಲ್ಲೂ ಪೊಲೀಸ್ ಠಾಣೆ ಇದೆ. 18 ತುಂಬಿದ ಮಗಳು ಬೆಂಗಳೂರಿನಲ್ಲಿ ಯಾರನ್ನೋ ಮದುವೆಯಾದಳಂತೆ ಅಂತ ಹತ್ತು ಜನರನ್ನು ಕಟ್ಟಿಕೊಂಡು ಅಪ್ಪ ಬಂದರೆ ಠಾಣೆಯವರು ಮುರಗೋಡದ ತೀರ್ಪನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿರಬೇಕು. ಜೊತೆಗೆ ಬಂದ ಪಂಚರು, ಮುಖಂಡರು ಅನ್ನಿಸಿಕೊಂಡವರು, ಇಬ್ಬರು ವಯಸ್ಕರ ಮದುವೆಗೆ ಅಡ್ಡ ಬರಲು ಯಾವ ಪಂಚಾಯ್ತಿಗೂ ಹಕ್ಕಿಲ್ಲ ಅಂತ 2018ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಓದಿಸಿ ಕೇಳಲಿ.

ಮಗಳನ್ನು ಕಳಿಸಲು ಹೆದರುವ ತಂದೆತಾಯಿಗಳ ಅಂಜಿಕೆ ಪೊಳ್ಳು ಅಂತ ತಳ್ಳಿಹಾಕಲು ಬರುವುದಿಲ್ಲ. ಹಾಸ್ಟೆಲು ಹೇಗಿದೆ, ದಾರಿ ಹೇಗಿದೆ, ಸಂಬಳ ಸರಿಯಾಗಿ ಕೊಡುತ್ತಾರೋ ಇಲ್ಲವೋ, ರಾತ್ರಿ ಪಾಳಿಗೆ ಗಾಡಿ ಬಿಡುತ್ತಾರೋ ಇಲ್ಲವೋ? ಕೇಳಬೇಕಾದ ಪ್ರಶ್ನೆಗಳು ಇವು. ಸರಕಾರ 2020ರಲ್ಲಿ ಅಂಗಡಿ, ಕಚೇರಿಗಳಲ್ಲೂ ಹೆಂಗಸರಿಗೆ ರಾತ್ರಿ ಪಾಳಿ ತೆರೆದಾಗ ಗಾಡಿಯ ವ್ಯವಸ್ಥೆ, ರಕ್ಷಣೆ ಮಾಲೀಕನ ಹೊಣೆ ಅಂತ ಷರತ್ತು ಹಾಕಿದೆ. ಆ ಷರತ್ತು ನಡೆಯುತ್ತಿದೆಯೇ ಅಂತ ಯಾವ ಅಪ್ಪ ಕೇಳಿದ್ದಾನೆ? ಅದನ್ನು ಬಿಟ್ಟು ಚಹಾದಂಗಡಿಯ ಠರಾವು ನಂಬಿ ಮಗಳ ಪುಸ್ತಕ ಮುಚ್ಚಿಸುವುದು ಸುಲಭ.

ಹುಡುಗನ ಕಣ್ಣಿನಿಂದ ನೋಡಿದ ಬೆಂಗಳೂರು ಒಂದು. ಅವ್ವನೇ ಒಮ್ಮೆ ಹೋಗಿ ನೋಡಿ ಬರಲಿ. ಮಗಳು ಇರಬೇಕಾದ ಹಾಸ್ಟೆಲಿನ ಬಾಗಿಲಲ್ಲಿ ನಿಂತು, ಅಲ್ಲಿಯ ಹುಡುಗಿಯರ ಜೊತೆ ಒಂದು ಹೊತ್ತು ಊಟ ಮಾಡಿ, ರಾತ್ರಿ ಅವರು ಎಷ್ಟೊತ್ತಿಗೆ, ಹೇಗೆ ಬರುತ್ತಾರೆ ಅಂತ ತಾನೇ ಕಂಡು ಬರಲಿ. 2023ರ ಜೂನ್ 11ರಿಂದ ಸರಕಾರದ ಸಾದಾ ಬಸ್ಸಿನಲ್ಲಿ, ವೇಗದೂತದಲ್ಲಿ ಹೆಂಗಸರಿಗೆ ರೊಕ್ಕ ಇಲ್ಲ. ಆಧಾರ್ ಕಾರ್ಡು ಇಟ್ಟುಕೊಂಡು ಗೋಕಾಕದಲ್ಲಿ ಕೆಂಪು ಬಸ್ಸು ಹತ್ತಿದರೆ ಆಯಿತು. ಬುತ್ತಿಗೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಸಾಕು. ಜೊತೆಗೆ ಬರುವುದಾದರೆ ಟಿಕೇಟು ಅಪ್ಪನಿಗಷ್ಟೇ.